ಅಲಾಯ್ ವೀಲ್‌ಗೆ ಪೌಡರ್ ಕೋಟಿಂಗ್: ಓವನ್‌ಗೆ ಹೆದರಬೇಕಾ?

ಪ್ರಶ್ನೆ: "ಸರ್, ನಮ್ಮ ಮನೆ ಮಲ್ಪೆ ಹತ್ತಿರ, ಕಡಲಿಗೆ ಒಂದು ಕಿಲೋಮೀಟರ್ ಕೂಡ ಇಲ್ಲ. 2017ರ ಹ್ಯಾಚ್‌ಬ್ಯಾಕ್ ಕಾರನ್ನು ಸೆಕೆಂಡ್ ಹ್ಯಾಂಡ್ ತಗೊಂಡೆ. 16 ಇಂಚಿನ ಡೈಮಂಡ್ ಕಟ್ ಅಲಾಯ್ ವೀಲ್. ನಾಲ್ಕರಲ್ಲೂ ಹೊಳೆಯುವ ಭಾಗದ ಮೇಲೆ ಬಿಳಿ ಗೆರೆಗಳು ಬಿದ್ದಿವೆ, ಉಗುರಲ್ಲಿ ಕೆರೆದರೆ ಲ್ಯಾಕರ್ ಏಳುತ್ತದೆ. ಒಂದು ವೀಲ್ ಹೊಂಡಕ್ಕೆ ಬಿದ್ದು ಒಳಗಿನ ಅಂಚು ಬಗ್ಗಿತ್ತು, ಪಂಕ್ಚರ್ ಅಂಗಡಿಯವರು ಸುತ್ತಿಗೆಯಲ್ಲಿ ಬಡಿದು ಸರಿ ಮಾಡಿದರು. ಈಗ ಅದರಲ್ಲಿ ಗಾಳಿ ಮೆಲ್ಲಗೆ ಇಳಿಯುತ್ತಿದೆ. ಪೌಡರ್ ಕೋಟಿಂಗ್ ಮಾಡಿಸೋಣ ಎಂದು ವಿಚಾರಿಸಿದೆ. ಗೇಟು, ಗ್ರಿಲ್ ಮಾಡುವವರೊಬ್ಬರು ವೀಲ್‌ಗೆ 1,500 ರೂಪಾಯಿ ಅಂದರು, ಇನ್ನೊಂದು ಕಡೆ 4,500 ಅಂದರು. ನಮ್ಮ ಭಾವ ಹೇಳ್ತಾರೆ, ಅಲಾಯ್ ವೀಲನ್ನು ಓವನ್‌ಗೆ ಹಾಕಿದರೆ ಲೋಹ ಮೆತ್ತಗಾಗಿ ಹೈವೇಯಲ್ಲಿ ಒಡೆಯುತ್ತೆ ಅಂತ. ಇನ್ನೊಬ್ಬರು ಸುಮ್ನೆ ಸ್ಪ್ರೇ ಪೇಂಟ್ ಹೊಡೆಸಿ ಅಂತಾರೆ. ಡೈಮಂಡ್ ಕಟ್ ಲುಕ್ ವಾಪಸ್ ಬರುತ್ತಾ? ಟೈರ್ ಕೂಡ ಸವೆದಿದೆ, ಬದಲಾಯಿಸಬೇಕು. ಸ್ಟೆಪ್ನಿಯ ಸ್ಟೀಲ್ ವೀಲ್ ತುಕ್ಕು ಹಿಡಿದಿದೆ, ಅದನ್ನೂ ಜೊತೆಗೆ ಮಾಡಿಸಬಹುದಾ?"

ಉತ್ತರ:

ಪ್ರಶ್ನೆ ಹಲವು ಇದ್ದರೂ ನಿಮ್ಮನ್ನು ಕೊರೆಯುತ್ತಿರುವುದು ಒಂದೇ ಎಂದು ನನಗನ್ನಿಸುತ್ತದೆ. ಚೆಂದ ಮಾಡಿಸಲು ಹೋಗಿ ವೀಲನ್ನೇ ಹಾಳು ಮಾಡಿಕೊಂಡು, ಮನೆಯವರನ್ನು ಕೂರಿಸಿಕೊಂಡು ಹೆದ್ದಾರಿ 66ರಲ್ಲಿ ಹೋಗುವಾಗ ಅದು ಕೈಕೊಟ್ಟರೆ ಏನು ಗತಿ, ಅಲ್ವಾ? ಮೊದಲು ಅದಕ್ಕೇ ಉತ್ತರ ಹೇಳುತ್ತೇನೆ. ಪೌಡರ್ ಕೋಟಿಂಗ್ ಅಂದರೆ ಬಣ್ಣದ ಪುಡಿಯನ್ನು ವೀಲ್ ಮೇಲೆ ಸಿಂಪಡಿಸಿ, ಓವನ್‌ನಲ್ಲಿ ಕರಗಿಸಿ ಬೇಯಿಸುವುದು. ಸರಿಯಾದ ಬಿಸಿಯಲ್ಲಿ, ಸರಿಯಾದ ಹೊತ್ತು ಮಾಡಿದ ಪೌಡರ್ ಕೋಟಿಂಗ್‌ನಿಂದ ವೀಲ್ ಒಡೆಯುವುದಿಲ್ಲ. ಆದರೆ ನಿಮ್ಮ ಪತ್ರದಲ್ಲಿ ನನಗೆ ಭಯ ಹುಟ್ಟಿಸಿದ್ದು ಓವನ್ ಅಲ್ಲ, ಸುತ್ತಿಗೆ. ಬಡಿದು ನೇರ ಮಾಡಿದ ಆ ವೀಲ್, ಅದರಲ್ಲೂ ಗಾಳಿ ಇಳಿಯುತ್ತಿರುವ ವೀಲ್, ಬಿರುಕು ಇಲ್ಲ ಎಂದು ಖಾತ್ರಿಯಾಗುವ ತನಕ ಕೋಟಿಂಗ್‌ಗೆ ಹೋಗಬಾರದು. ಓಡಿಸುವುದನ್ನೂ ನಿಲ್ಲಿಸಿ, ಸದ್ಯಕ್ಕೆ ಸ್ಟೆಪ್ನಿ ಹಾಕಿಕೊಳ್ಳಿ. ಸ್ಟೆಪ್ನಿಯ ಟೈರ್ ಅಳತೆ ಚಿಕ್ಕದಿದ್ದರೆ ಅದರ ಮೇಲೆ ಬರೆದ ವೇಗ ಮೀರಬೇಡಿ.

ಈಗ ಭಾವನ ಮಾತು. ಅವರು ಹೇಳಿದ್ದು ಪೂರ್ತಿ ಸುಳ್ಳಲ್ಲ, ಅರ್ಧ ನಿಜ ಇದೆ. ಹಾಗಾಗಿಯೇ ಈ ಮಾತು ಇಷ್ಟು ಹಬ್ಬಿದೆ.

ಕಾರಿನ ಅಲಾಯ್ ವೀಲ್‌ಗಳಲ್ಲಿ ಹೆಚ್ಚಿನವು ಎ356 ಎಂಬ ಅಲ್ಯೂಮಿನಿಯಂ ಮಿಶ್ರಲೋಹದ ಎರಕ. ಅದರಲ್ಲಿ ಸುಮಾರು 7 ಶೇಕಡಾ ಸಿಲಿಕಾನ್, ಚೂರೇ ಚೂರು ಮೆಗ್ನೀಸಿಯಂ ಇರುತ್ತದೆ. ಎರಕ ಹೊಯ್ದ ಮೇಲೆ ಕಾರ್ಖಾನೆಯಲ್ಲಿ ಅದಕ್ಕೆ ಟಿ6 ಎಂಬ ಶಾಖದ ಸಂಸ್ಕಾರ ಕೊಡುತ್ತಾರೆ. ಸುಮಾರು 540 ಡಿಗ್ರಿ ಸೆಲ್ಸಿಯಸ್‌ನಲ್ಲಿ ಗಂಟೆಗಟ್ಟಲೆ ಇಟ್ಟು, ನೀರಿನಲ್ಲಿ ಸರ್ರನೆ ತಣಿಸಿ, ಆಮೇಲೆ 150ರಿಂದ 170 ಡಿಗ್ರಿಯ ಆಸುಪಾಸಿನಲ್ಲಿ ಮತ್ತೆ ಕೆಲವು ಗಂಟೆ ಇಡುತ್ತಾರೆ. ಈ ಕೊನೆಯ ಹಂತದಲ್ಲಿ ಲೋಹದೊಳಗೆ ಮೆಗ್ನೀಸಿಯಂ ಮತ್ತು ಸಿಲಿಕಾನ್ ಸೇರಿ ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳಾಗುತ್ತವೆ. ವೀಲ್‌ನ ಗಟ್ಟಿತನದ ದೊಡ್ಡ ಪಾಲು ಆ ಕಣಗಳದ್ದೇ. ಈ ಹಂತವನ್ನು ಮೀರಿ ಮತ್ತೆ ಜಾಸ್ತಿ ಬಿಸಿ ಕೊಟ್ಟರೆ, ಅದೂ ಜಾಸ್ತಿ ಹೊತ್ತು ಕೊಟ್ಟರೆ, ಕಣಗಳು ದಪ್ಪವಾಗುತ್ತವೆ, ಸಂಖ್ಯೆ ಕಡಿಮೆಯಾಗುತ್ತದೆ, ಲೋಹ ಮೆತ್ತಗಾಗುತ್ತದೆ. ಭಾವ ಹೇಳುವುದು ಇದನ್ನೇ.

ಆದರೆ ಎಷ್ಟು ಬಿಸಿ, ಎಷ್ಟು ಹೊತ್ತು ಎನ್ನುವುದನ್ನು ಬಿಟ್ಟು ಈ ಮಾತು ಆಡಿದರೆ ಅರ್ಥವಿಲ್ಲ. ಸಾಮಾನ್ಯ ಪೌಡರ್ ಬೇಯುವುದು 180ರಿಂದ 200 ಡಿಗ್ರಿಯಲ್ಲಿ, 10ರಿಂದ 20 ನಿಮಿಷ. ಅಷ್ಟರಲ್ಲಿ ವೀಲ್‌ನ ಬಲದಲ್ಲಿ ಲೆಕ್ಕಕ್ಕೆ ಬರುವಂಥ ಇಳಿಕೆ ಆಗುವುದಿಲ್ಲ. ಇನ್ನೊಂದು ವಿಷಯ ಹೆಚ್ಚಿನವರಿಗೆ ಗೊತ್ತಿರುವುದಿಲ್ಲ. ಬಹುತೇಕ ಕಾರ್ಖಾನೆಗಳು ಹೊಸ ಅಲಾಯ್ ವೀಲ್‌ಗೆ ಕೊಡುವ ಮೊದಲ ಪದರವೇ ಪೌಡರ್ ಪ್ರೈಮರ್. ಅದರ ಮೇಲೆ ಬಣ್ಣ, ಅದರ ಮೇಲೆ ಕ್ಲಿಯರ್ ಕೋಟ್, ಅಂದರೆ ನೀವು ಲ್ಯಾಕರ್ ಎನ್ನುವ ಪಾರದರ್ಶಕ ಪದರ. ಅಂದರೆ ನಿಮ್ಮ ವೀಲ್ ನಿಮ್ಮ ಕೈಗೆ ಬರುವ ಮೊದಲೇ ಓವನ್ ಕಂಡು ಬಂದಿರುವ ಸಾಧ್ಯತೆಯೇ ಹೆಚ್ಚು.

ಹೆದರಬೇಕಾದ್ದು ಎಲ್ಲಿ ಅಂದರೆ, ಒಂದೊಂದು ಸಲದ ಬಿಸಿಗಲ್ಲ, ಒಟ್ಟು ಲೆಕ್ಕಕ್ಕೆ. ಚೆನ್ನಾಗಿ ಮಾಡುವವರು ವೀಲನ್ನು ಮೂರು ನಾಲ್ಕು ಸಲ ಓವನ್‌ಗೆ ಹಾಕುತ್ತಾರೆ: ಲೋಹದೊಳಗೆ ಸಿಕ್ಕಿಕೊಂಡ ಗಾಳಿ ಬಿಡಿಸಲು ಒಮ್ಮೆ, ಪ್ರೈಮರ್‌ಗೆ, ಬಣ್ಣಕ್ಕೆ, ಕ್ಲಿಯರ್‌ಗೆ. ಪ್ರತಿ ಸಲ 180ರ ಆಸುಪಾಸಿನಲ್ಲಿ ಕಾಲು ಗಂಟೆ ಆದರೆ ಒಟ್ಟು ಒಂದು ಗಂಟೆ, ಅದು ನಡೆಯುತ್ತದೆ. ಅದೇ ವೀಲನ್ನು 220ಕ್ಕೆ ಇಟ್ಟ ಓವನ್‌ನಲ್ಲಿ, ಗೇಟಿನ ರಾಶಿಯ ಜೊತೆ, ಊಟಕ್ಕೆ ಹೋಗಿ ಬರುವ ತನಕ ಬಿಟ್ಟರೆ ನಡೆಯುವುದಿಲ್ಲ. ಗ್ರಿಲ್‌ನ ಉಕ್ಕಿಗೆ ಆ ಬಿಸಿ ಏನೂ ಮಾಡುವುದಿಲ್ಲ. ಹಾಗಾಗಿ ಗ್ರಿಲ್ ಮಾಡುವವರಿಗೆ ಅದು ತಪ್ಪು ಅಂತಲೇ ಅನ್ನಿಸುವುದಿಲ್ಲ. ಅವರ ಕೆಲಸದಲ್ಲಿ ಅವರು ಸರಿಯೇ, ಲೋಹ ಬೇರೆ ಅಷ್ಟೇ.

ಓವನ್ ಬಾಗಿಲಿನ ಮೀಟರ್ ತೋರಿಸುವುದು ಒಳಗಿನ ಗಾಳಿಯ ಬಿಸಿಯನ್ನು. ನಮಗೆ ಬೇಕಾದ್ದು ಲೋಹದ ಬಿಸಿ. ವೀಲ್‌ನ ನಡುಭಾಗ ದಪ್ಪ, ಅಂಚು ತೆಳು, ಎರಡೂ ಒಟ್ಟಿಗೆ ಕಾಯುವುದಿಲ್ಲ. ಒಳ್ಳೆಯ ಅಂಗಡಿಯವರು ನಡುಭಾಗಕ್ಕೆ ಬಿಸಿ ಅಳೆಯುವ ಥರ್ಮೋಕಪಲ್ ತಂತಿ ಕಟ್ಟಿ ನೋಡಿರುತ್ತಾರೆ, ಯಾವ ಗಾತ್ರದ ವೀಲ್ ಎಷ್ಟು ನಿಮಿಷಕ್ಕೆ ಎಷ್ಟು ಬಿಸಿಯಾಗುತ್ತದೆ ಅನ್ನುವ ಲೆಕ್ಕ ಅವರ ಹತ್ತಿರ ಇರುತ್ತದೆ. ಕೈಯಲ್ಲಿ ಹಿಡಿಯುವ ಇನ್‌ಫ್ರಾರೆಡ್ ಗನ್ ತೋರಿಸಿ ಇದೇ ಸಾಕು ಅಂದರೆ ಒಪ್ಪಬೇಡಿ. ಹೊಳೆಯುವ ಬರಿ ಅಲ್ಯೂಮಿನಿಯಂ ಮೇಲೆ ಅದು ನಿಜವಾದ ಬಿಸಿಗಿಂತ ತುಂಬಾ ಕಡಿಮೆ ತೋರಿಸುತ್ತದೆ. 150-160 ಡಿಗ್ರಿಯಲ್ಲೇ ಬೇಯುವ ಲೋ ಬೇಕ್ ಪೌಡರ್‌ಗಳೂ ಇವೆ. ಸಿಕ್ಕರೆ ನಾನು ಅದನ್ನೇ ಕೇಳಿ ಎನ್ನುತ್ತೇನೆ.

ನಿಮ್ಮ ವೀಲ್‌ಗೆ ಆ ಬಿಳಿ ಗೆರೆ ಯಾಕೆ ಬಂತು ಅನ್ನುವುದು ಗೊತ್ತಾದರೆ ಮುಂದೆ ಏನು ಮಾಡಬೇಕು ಅನ್ನುವುದು ತಾನಾಗಿ ಸ್ಪಷ್ಟವಾಗುತ್ತದೆ. ಅಲ್ಯೂಮಿನಿಯಂ ತುಕ್ಕು ಹಿಡಿಯುವುದಿಲ್ಲ ಎಂದು ಜನ ನಂಬಿದ್ದಾರೆ. ಗಾಳಿ ತಾಗಿದ ಕೂಡಲೇ ಅದರ ಮೇಲೆ ತೆಳ್ಳಗಿನ ಆಕ್ಸೈಡ್ ಪದರ ಕೂರುತ್ತದೆ, ಅದೇ ಅದರ ರಕ್ಷಣೆ. ಕೆಂಪು ತುಕ್ಕು ಬರುವುದಿಲ್ಲ, ನಿಜ. ಆದರೆ ಉಪ್ಪಿನಲ್ಲಿರುವ ಕ್ಲೋರೈಡ್‌ಗೆ ಆ ಪದರವನ್ನು ಅಲ್ಲಲ್ಲಿ ಚುಚ್ಚುವ ಶಕ್ತಿ ಇದೆ. ಮಲ್ಪೆಯ ಗಾಳಿಯಲ್ಲಿ ಉಪ್ಪೂ ಇದೆ, ವರ್ಷದ ಹೆಚ್ಚಿನ ದಿನ ತೇವವೂ ಇದೆ.

ಡೈಮಂಡ್ ಕಟ್ ಅಂದರೆ ವೀಲ್‌ಗೆ ಬಣ್ಣ ಕೊಟ್ಟ ಮೇಲೆ ಲೇತ್‌ನಲ್ಲಿ ಮುಖದ ಮೇಲಿನ ಬಣ್ಣವನ್ನೂ ಚೂರು ಲೋಹವನ್ನೂ ಕೆತ್ತಿ ತೆಗೆದು, ಆ ಬರಿ ಲೋಹದ ಮೇಲೆ ಕ್ಲಿಯರ್ ಕೋಟ್ ಮಾತ್ರ ಕೊಡುವುದು. ಅಲ್ಲಿ ಪ್ರೈಮರ್ ಇಲ್ಲ, ಬಣ್ಣವೂ ಇಲ್ಲ. ಜೊತೆಗೆ ಲೇತ್ ಕೆತ್ತಿದ ಕಡೆ ಅಂಚು ಚೂಪಾಗಿರುತ್ತದೆ. ಯಾವ ಕೋಟಿಂಗ್ ಆದರೂ ಕರಗಿದಾಗ ಚೂಪು ಅಂಚಿನಿಂದ ಹಿಂದೆ ಸರಿಯುತ್ತದೆ, ಅಲ್ಲಿ ಪದರ ತೀರಾ ತೆಳುವಾಗುತ್ತದೆ. ಒಂದು ಕಲ್ಲು ಸಿಡಿದರೆ, ಅಥವಾ ಟೈರ್ ಹಾಕುವಾಗ ಕಬ್ಬಿಣದ ಸಲಾಕೆ ತಾಗಿದರೆ ಸಾಕು, ಉಪ್ಪುನೀರು ಒಳಗೆ ಇಳಿಯುತ್ತದೆ. ಇಳಿದ ಮೇಲೆ ಅಲ್ಲೇ ನಿಲ್ಲುವುದಿಲ್ಲ. ಗೋಡೆಯ ಮೇಲೆ ಗೆದ್ದಲು ಹಾದಿ ಮಾಡಿಕೊಂಡು ಹೋಗುವ ಹಾಗೆ ಲ್ಯಾಕರ್ ಅಡಿಯಲ್ಲೇ ಅಂಕುಡೊಂಕಾಗಿ ಮುಂದೆ ಹೋಗುತ್ತದೆ. ಇದಕ್ಕೆ ಫಿಲಿಫಾರ್ಮ್ ಕರೋಷನ್ ಎನ್ನುತ್ತಾರೆ. ನೀವು ನೋಡಿದ ಬಿಳಿ ಗೆರೆಗಳು ಇವೇ. ಮೇಲಿಂದ ಪಾಲಿಶ್ ಉಜ್ಜಿದರೆ ಹೋಗುವುದಿಲ್ಲ, ಯಾಕೆಂದರೆ ಅದು ಲ್ಯಾಕರ್ ಮೇಲಿಲ್ಲ, ಕೆಳಗಿದೆ. ಮೇಲೆ ಪೇಂಟ್ ಹೊಡೆದರೂ ನಿಲ್ಲುವುದಿಲ್ಲ, ಒಳಗೆ ಉಪ್ಪು ಹಾಗೇ ಕೂತಿರುತ್ತದೆ. ಹೊಸ ಪೇಂಟನ್ನೂ ಎಬ್ಬಿಸುತ್ತದೆ.

ಇದಕ್ಕೆ ಇನ್ನೊಂದು ಕಾರಣವೂ ಇರಬಹುದು. ವಾಟರ್ ವಾಶ್‌ಗೆ ಕೊಟ್ಟಾಗ ವೀಲ್ ಹೊಳೆಯಲಿ ಎಂದು ಕೆಲವು ಕಡೆ ಟೈಲ್ಸ್ ತೊಳೆಯುವ ಆ್ಯಸಿಡ್ ಹಾಕಿ ಉಜ್ಜುತ್ತಾರೆ. ಅದು ಹೈಡ್ರೋಕ್ಲೋರಿಕ್ ಆ್ಯಸಿಡ್. ಅಲ್ಯೂಮಿನಿಯಂ ಅನ್ನು ನೇರವಾಗಿ ತಿನ್ನುತ್ತದೆ, ಕ್ಲೋರೈಡನ್ನೂ ಬಿಟ್ಟು ಹೋಗುತ್ತದೆ. ಆ ಹೊತ್ತಿಗೆ ಹೊಳೆಯುತ್ತದೆ, ಮುಂದಿನ ಮಳೆಗಾಲಕ್ಕೆ ಬಣ್ಣ ಬಯಲಾಗುತ್ತದೆ. ದಯವಿಟ್ಟು ಯಾರಿಗೂ ಆ್ಯಸಿಡ್ ಮುಟ್ಟಿಸಲು ಬಿಡಬೇಡಿ, ಹಳೆ ವೀಲ್ ಆದರೂ ಸರಿ, ಹೊಸ ಕೋಟಿಂಗ್ ಆದರೂ ಸರಿ.

ಹಾಗಾಗಿ ಯಾವ ದಾರಿ ಹಿಡಿದರೂ ಮೊದಲ ಕೆಲಸ ಒಂದೇ. ಹಳೆಯದನ್ನು ಲೋಹದ ತನಕ ತೆಗೆಯಬೇಕು, ಉಪ್ಪಿನ ಕುರುಹು ಉಳಿಯದಂತೆ. ಕೋಟಿಂಗ್ ಎಷ್ಟು ವರ್ಷ ಬಾಳುತ್ತದೆ ಅನ್ನುವುದು ತೀರ್ಮಾನವಾಗುವುದು ಇಲ್ಲಿ, ಪೌಡರ್‌ನ ಬ್ರ್ಯಾಂಡ್‌ನಲ್ಲಿ ಅಲ್ಲ. 1,500 ಮತ್ತು 4,500ರ ನಡುವಿನ ವ್ಯತ್ಯಾಸವೂ ಹೆಚ್ಚಾಗಿ ಇಲ್ಲೇ ಅಡಗಿರುತ್ತದೆ. ಪೌಡರ್ ಎರಡೂ ಕಡೆ ಹತ್ತಿರ ಹತ್ತಿರ ಅದೇ ಇರಬಹುದು.

ಪೀಣ್ಯದಿಂದ ಹಿಡಿದು ಬೈಕಂಪಾಡಿ ತನಕ ನಮ್ಮಲ್ಲಿ ಪೌಡರ್ ಕೋಟಿಂಗ್ ಯೂನಿಟ್‌ಗಳಿಗೆ ಕೊರತೆಯಿಲ್ಲ. "ಸೆವೆನ್ ಟ್ಯಾಂಕ್ ಪ್ರೊಸೆಸ್ ಇದೆ" ಎಂದು ಬೋರ್ಡಿನಲ್ಲೇ ಬರೆದಿರುತ್ತಾರೆ. ಏಳು ತೊಟ್ಟಿಗಳಲ್ಲಿ ಜಿಡ್ಡು ತೆಗೆಯುವುದು, ಆ್ಯಸಿಡ್‌ನಲ್ಲಿ ತುಕ್ಕು ಬಿಡಿಸುವುದು, ಫಾಸ್ಫೇಟ್ ಕೊಡುವುದು, ನಡುನಡುವೆ ತೊಳೆಯುವುದು. ಅದು ಉಕ್ಕಿಗೆ ಒಳ್ಳೆಯ ಪದ್ಧತಿ. ಅಲ್ಯೂಮಿನಿಯಂಗೆ ಅದೇ ತೊಟ್ಟಿ ಆಗುವುದಿಲ್ಲ. ಅದಕ್ಕೆ ಬೇರೆ ಕನ್ವರ್ಷನ್ ಕೋಟಿಂಗ್, ಅಂದರೆ ಪೌಡರ್‌ಗೆ ಮೊದಲು ರಾಸಾಯನಿಕದಿಂದ ಲೋಹದ ಮೇಲೆ ತರಿಸುವ ತೆಳು ಪದರ ಬೇಕು, ಹಿಂದೆ ಕ್ರೋಮೇಟ್ ಬಳಸುತ್ತಿದ್ದರು, ಈಗ ಜಿರ್ಕೋನಿಯಂ ಆಧಾರದ ಕ್ರೋಮ್ ಇಲ್ಲದವೂ ಬಂದಿವೆ. ನಿಮ್ಮ ಕಡಲ ಊರಿಗೆ ಈ ಹಂತ ಬಿಟ್ಟ ಕೋಟಿಂಗ್ ಎಷ್ಟು ಅಗ್ಗವಾದರೂ ಬೇಡ.

ಇದಕ್ಕಿಂತ ಕೆಟ್ಟದ್ದು ಕಾಸ್ಟಿಕ್ ಸೋಡಾ ತೊಟ್ಟಿ. ಗೇಟಿನ ಹಳೆ ಬಣ್ಣ ಕಳಚಲು ಬಿಸಿ ಕಾಸ್ಟಿಕ್ ಬಳಸುತ್ತಾರೆ. ಅಲ್ಯೂಮಿನಿಯಂ ಅದರಲ್ಲಿ ಬುರಬುರ ಎಂದು ನೊರೆ ಬಂದು ಕರಗುತ್ತದೆ, ಹೊರಬರುವುದು ಹೈಡ್ರೋಜನ್ ಅನಿಲ. ನಟ್ ಕೂರುವ ಜಾಗ, ಟೈರ್ ಕೂರುವ ಜಾಗ ಎಲ್ಲ ಅಳತೆ ತಪ್ಪುತ್ತದೆ. ನಿಮ್ಮ 1,500 ರೂಪಾಯಿಯವರ ಹತ್ತಿರ ಕೇಳಬೇಕಾದ ಮೊದಲ ಪ್ರಶ್ನೆಯೇ "ಹಳೆ ಬಣ್ಣ ಹೇಗೆ ತೆಗೀತೀರಿ?" ಎನ್ನುವುದು. ಕಾಸ್ಟಿಕ್ ಅಂದರೆ ವೀಲ್ ಎತ್ತಿಕೊಂಡು ವಾಪಸ್ ಬನ್ನಿ. ಅಲ್ಯೂಮಿನಿಯಂಗೆ ಆಗುವ ಸ್ಟ್ರಿಪ್ಪರ್ ರಾಸಾಯನಿಕ, ಅಥವಾ ಅಲ್ಯೂಮಿನಿಯಂ ಆಕ್ಸೈಡ್, ಗ್ಲಾಸ್ ಬೀಡ್‌ನಂಥದ್ದರಿಂದ ಹಗುರ ಒತ್ತಡದ ಬ್ಲಾಸ್ಟಿಂಗ್ ಅಂದರೆ ಸರಿ. ಸ್ಟೀಲ್ ಗ್ರಿಟ್ ಬೇಡ. ಉಕ್ಕಿನ ಚೂರುಗಳು ಮೆತ್ತನೆ ಅಲ್ಯೂಮಿನಿಯಂ ಒಳಗೆ ಹೂತುಕೊಂಡು, ಎರಡು ಲೋಹ ಮತ್ತು ತೇವ ಸೇರಿದ ಕಡೆಯೆಲ್ಲ ಹೊಸ ಕರೋಷನ್ ಶುರುವಾಗುತ್ತದೆ. ಮರಳು ಬ್ಲಾಸ್ಟಿಂಗ್ ಕೂಡ ಬೇಡ, ಅದು ವೀಲ್‌ಗಿಂತ ಆ ಕೆಲಸ ಮಾಡುವ ಹುಡುಗನ ಶ್ವಾಸಕೋಶಕ್ಕೆ ಮಾಡುವ ಹಾನಿ ದೊಡ್ಡದು. ಸಿಲಿಕೋಸಿಸ್ ಬಂದರೆ ವಾಸಿಯಾಗುವುದಿಲ್ಲ.

ಬಣ್ಣ ಹೋದ ಮೇಲೆ ವೀಲ್ ಬೆತ್ತಲೆಯಾಗಿರುತ್ತದೆ. ಪರೀಕ್ಷೆಗೆ ಇದಕ್ಕಿಂತ ಒಳ್ಳೆಯ ಸಮಯ ಮತ್ತೆ ಸಿಗುವುದಿಲ್ಲ. ಡೈ ಪೆನೆಟ್ರಂಟ್ ಟೆಸ್ಟ್ ಅಂತ ಇದೆ, ಕೆಂಪು ದ್ರವ ಸಿಂಪಡಿಸಿ, ಸ್ವಲ್ಪ ಹೊತ್ತು ಬಿಟ್ಟು ಒರೆಸಿ, ಬಿಳಿ ಡೆವಲಪರ್ ಹೊಡೆದರೆ ಬಿರುಕು ಇದ್ದ ಕಡೆ ಕೆಂಪು ಗೆರೆ ಎದ್ದು ಕಾಣುತ್ತದೆ. ಇಂಜಿನಿಯರಿಂಗ್ ವರ್ಕ್‌ಶಾಪ್‌ಗಳಲ್ಲಿ ಇದು ದಿನನಿತ್ಯದ ಕೆಲಸ, ಸ್ಪ್ರೇ ಕ್ಯಾನ್‌ಗಳಲ್ಲೇ ಸಿಗುತ್ತದೆ. ನಿಮ್ಮ ಆ ಬಗ್ಗಿದ ವೀಲ್‌ಗೆ ಇದು ಕಡ್ಡಾಯ, ಉಳಿದ ಮೂರಕ್ಕೂ ಮಾಡಿಸಿ. ಬ್ಲಾಸ್ಟಿಂಗ್ ಮಾಡಿದ್ದರೆ ಮೆತ್ತನೆ ಲೋಹ ಸವರಿಕೊಂಡು ಸಣ್ಣ ಬಿರುಕಿನ ಬಾಯಿ ಮುಚ್ಚಿರಬಹುದು. ಹಾಗಾಗಿ ರಾಸಾಯನಿಕದಿಂದ ಬಣ್ಣ ತೆಗೆದು, ಟೆಸ್ಟ್ ಮಾಡಿ, ಅದಾದ ಮೇಲೆ ಬ್ಲಾಸ್ಟಿಂಗ್ ಮಾಡುವುದು ಒಳ್ಳೆಯ ಕ್ರಮ. ನಾನು ಇದನ್ನು ಇಷ್ಟು ಒತ್ತಿ ಹೇಳುವುದಕ್ಕೆ ಕಾರಣವಿದೆ. ಪೌಡರ್ ಪದರ ಒಂದಕ್ಕೆ 60ರಿಂದ 80 ಮೈಕ್ರಾನ್ ದಪ್ಪ ಬರುತ್ತದೆ, ಎರಡು ಮೂರು ಪದರ ಆದ ಮೇಲೆ ಸಣ್ಣ ಬಿರುಕು ಪೂರ್ತಿ ಮುಚ್ಚಿಹೋಗುತ್ತದೆ. ಗಾಳಿ ಇಳಿಯುವುದು ನಿಂತರೂ ನಿಲ್ಲಬಹುದು. ನೀವು ಸರಿಯಾಯಿತು ಅಂದುಕೊಳ್ಳುತ್ತೀರಿ, ಕೆಳಗೆ ಬಿರುಕು ಪ್ರತಿ ಸುತ್ತಿಗೂ ಬೆಳೆಯುತ್ತಿರುತ್ತದೆ.

ಟೆಸ್ಟ್‌ನಲ್ಲಿ ಬಿರುಕು ಕಂಡರೆ ಆ ವೀಲ್ ಗುಜರಿಗೆ ಹಾಕಿ. ವೆಲ್ಡ್ ಮಾಡಿ ಕೊಡುತ್ತೇವೆ ಎನ್ನುವವರು ಇದ್ದಾರೆ. ವೆಲ್ಡ್‌ನ ಸುತ್ತಲಿನ ಭಾಗ ಕಾರ್ಖಾನೆಯ ಟಿ6 ಬಲವನ್ನು ಕಳೆದುಕೊಂಡಿರುತ್ತದೆ, ಅದನ್ನು ಮರಳಿ ತರಬೇಕಾದರೆ ಇಡೀ ಶಾಖದ ಸಂಸ್ಕಾರ ಮತ್ತೆ ಮಾಡಬೇಕು. ಯಾವ ಬೀದಿ ಅಂಗಡಿಯಲ್ಲೂ ಅದು ಆಗುವುದಿಲ್ಲ. ಗ್ಯಾಸ್ ಜ್ವಾಲೆಯಲ್ಲಿ ಕಾಯಿಸಿ ನೇರ ಮಾಡುವುದೂ ಅಷ್ಟೇ ಅಪಾಯ. ಉಕ್ಕು ಕಾದರೆ ಕೆಂಪಗಾಗಿ ಎಚ್ಚರಿಕೆ ಕೊಡುತ್ತದೆ, ಅಲ್ಯೂಮಿನಿಯಂ ಕರಗುವ ತನಕವೂ ಬಣ್ಣ ಬದಲಿಸುವುದಿಲ್ಲ, ಎಷ್ಟು ಕಾದಿದೆ ಎಂದು ಕಣ್ಣಿಗೆ ಗೊತ್ತೇ ಆಗುವುದಿಲ್ಲ. ನೋಡಿ, ಭಾವ ಹೇಳಿದ "ಮೆತ್ತಗಾಗುವ" ಭಯ ನಿಜವಾಗಿ ಅನ್ವಯಿಸುವುದು ಇಲ್ಲಿಗೆ, ಸರಿಯಾಗಿ ನಡೆಸುವ ಕೋಟಿಂಗ್ ಓವನ್‌ಗೆ ಅಲ್ಲ.

ಬಿರುಕು ಇಲ್ಲದಿದ್ದರೆ ಡಯಲ್ ಗೇಜ್ ಇಟ್ಟು ತಿರುಗಿಸಿ ಅಂಚು ಎಷ್ಟು ಓಲಾಡುತ್ತದೆ (ರನ್ ಔಟ್) ನೋಡಬೇಕು, ತಯಾರಕರ ಮಿತಿ ಸಾಮಾನ್ಯವಾಗಿ ಒಂದು ಮಿಲಿಮೀಟರ್‌ಗಿಂತ ಕಡಿಮೆಯೇ ಇರುತ್ತದೆ. ಮಿತಿಯೊಳಗಿದ್ದರೆ ಗಾಳಿ ಇಳಿಯಲು ಬಹುಶಃ ಬೇರೆ ಕಾರಣ: ಟೈರ್‌ನ ಅಂಚು ಒತ್ತಿ ಕೂರುವ ಬೀಡ್ ಸೀಟ್‌ನಲ್ಲಿ ಕರೋಷನ್ ಆಗಿ ಪುಡಿ ಕೂತಿರುತ್ತದೆ. ಕರಾವಳಿಯ ಕಾರುಗಳಲ್ಲಿ ಇದು ತುಂಬಾ ಸಾಮಾನ್ಯ. ಅದನ್ನು ಶುಚಿ ಮಾಡಿ ಸಮ ಮಾಡಿದರೆ, ವಾಲ್ವ್‌ನ ರಬ್ಬರ್ ಹೊಸದು ಹಾಕಿದರೆ, ಸೋರಿಕೆ ನಿಲ್ಲುತ್ತದೆ.

ಇಷ್ಟಾದ ಮೇಲೆ ಪೌಡರ್. ಎರಕದ ಲೋಹದೊಳಗೆ ಸಣ್ಣ ರಂಧ್ರಗಳಿರುತ್ತವೆ, ಅದರಲ್ಲಿ ಗಾಳಿ, ತೇವ, ಹಳೆ ಸ್ಟ್ರಿಪ್ಪರ್ ಸಿಕ್ಕಿಕೊಂಡಿರುತ್ತದೆ. ಪೌಡರ್ ಕರಗುವಾಗ ಅದು ಹೊರಬಂದರೆ ಮೇಲ್ಮೈ ತುಂಬಾ ಸೂಜಿ ಚುಚ್ಚಿದಂಥ ತೂತು. ಹಾಗಾಗಿ ಮೊದಲೇ ಬರಿ ವೀಲನ್ನು ಬಿಸಿ ಮಾಡಿ ಅದನ್ನೆಲ್ಲ ಹೊರಹಾಕಬೇಕು, ಬೇಯಿಸುವ ಬಿಸಿಗಿಂತ ಚೂರು ಮೇಲೆ. ಇದನ್ನು ಡಿಗ್ಯಾಸಿಂಗ್ ಎನ್ನುತ್ತಾರೆ. ಇಲ್ಲಿಯೂ 200 ದಾಟಬೇಡಿ ಎಂದು ಹೇಳಿ.

ಮಸಾಲೆ ಪುಡಿಯ ಹಾಗಿರುವ ಈ ಬಣ್ಣವನ್ನು ಗನ್‌ನಲ್ಲಿ 60ರಿಂದ 100 ಕಿಲೋವೋಲ್ಟ್ ವಿದ್ಯುತ್ ಕೊಟ್ಟು ಸಿಂಪಡಿಸುತ್ತಾರೆ, ನೆಲಕ್ಕೆ ಸಂಪರ್ಕ ಕೊಟ್ಟ ವೀಲ್ ಅದನ್ನು ಎಳೆದುಕೊಳ್ಳುತ್ತದೆ. ಕಡ್ಡಿಗಳ ನಡುವಿನ ಆಳದ ಮೂಲೆಗಳಿಗೆ ಪುಡಿ ಸುಲಭವಾಗಿ ಹೋಗುವುದಿಲ್ಲ, ಕೈ ಪಳಗಿದವರು ವೋಲ್ಟೇಜ್ ಇಳಿಸಿ ಅಲ್ಲಿಗೆ ಮೊದಲು ಹೊಡೆಯುತ್ತಾರೆ. ಕೆಲಸ ಮುಗಿದ ಮೇಲೆ ನೀವು ಟಾರ್ಚ್ ಹಿಡಿದು ನೋಡಬೇಕಾದ್ದು ಮುಂದಿನ ಮುಖವನ್ನಲ್ಲ, ಆ ಮೂಲೆಗಳನ್ನು. ಪುಡಿ ಯಾವ ಜಾತಿಯದ್ದು ಅಂತಲೂ ಕೇಳಿ. ಒಳಾಂಗಣದ ಕಪಾಟು, ಪ್ಯಾನೆಲ್‌ಗೆ ಬಳಸುವುದು ಎಪಾಕ್ಸಿ ಪಾಲಿಯೆಸ್ಟರ್ ಮಿಶ್ರಣ, ಬಿಸಿಲಿಗೆ ಅದು ಸುಣ್ಣದ ಹಾಗೆ ಬೆಳ್ಳಗಾಗುತ್ತದೆ. ಹೊರಗಿನ ಬಳಕೆಗೆ ಶುದ್ಧ ಪಾಲಿಯೆಸ್ಟರ್ ಬೇಕು. ಎಪಾಕ್ಸಿ ಪ್ರೈಮರ್ ಕೆಳಗಿದ್ದರೆ ಒಳ್ಳೆಯದೇ, ಮೇಲಿರಬಾರದು. ಮಳೆಗಾಲದಲ್ಲಿ ತೆರೆದಿಟ್ಟ ಪೆಟ್ಟಿಗೆಯ ಪುಡಿ ತೇವ ಎಳೆದುಕೊಂಡು ಗಂಟು ಕಟ್ಟುತ್ತದೆ, ಗನ್ ಉಗುಳುತ್ತದೆ, ಮೇಲ್ಮೈ ಒರಟಾಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಎಸಿ ಕೋಣೆ ಇಲ್ಲದ ಕಡೆ ಮಾಡಿಸುವುದಾದರೆ ಹೊಸ ಪೆಟ್ಟಿಗೆ ಒಡೆಯಲು ಹೇಳಿ.

ಎಲ್ಲಿ ಪೌಡರ್ ಬೇಕು ಅನ್ನುವಷ್ಟೇ ಮುಖ್ಯ ಎಲ್ಲಿ ಬೇಡ ಅನ್ನುವುದು. ನಟ್ ಒತ್ತಿ ಕೂರುವ ಕೋನಾಕಾರದ ಜಾಗ, ಹಬ್‌ಗೆ ತಾಗುವ ಹಿಂದಿನ ಸಮತಟ್ಟು ಮುಖ, ನಡುವಿನ ದೊಡ್ಡ ತೂತು, ಇವು ಮೂರೂ ಬರಿ ಲೋಹವಾಗಿರಬೇಕು, ಟೇಪ್ ಮತ್ತು ಸಿಲಿಕಾನ್ ಬಿರಡೆ ಹಾಕಿ ಮುಚ್ಚಿಯೇ ಪುಡಿ ಹೊಡೆಯಬೇಕು. ನಟ್ ಬಿಗಿ ಮಾಡಿದಾಗ ಅದು ಪ್ಲಾಸ್ಟಿಕ್‌ನಂಥ ಪೌಡರ್ ಪದರದ ಮೇಲೆ ಕೂತಿದ್ದರೆ, ಬ್ರೇಕ್‌ನ ಬಿಸಿಗೆ ಆ ಪದರ ಮೆಲ್ಲಗೆ ಚಪ್ಪಟೆಯಾಗಿ ಜಾರುತ್ತದೆ, ಬಿಗಿ ಕಡಿಮೆಯಾಗುತ್ತದೆ, ನಟ್ ಸಡಿಲವಾಗುತ್ತದೆ. ನಡುವಿನ ತೂತಿನಲ್ಲಿ 100 ಮೈಕ್ರಾನ್ ಪದರ ಕೂತರೆ ಎರಡೂ ಬದಿ ಸೇರಿ 0.2 ಮಿಲಿಮೀಟರ್ ಕಿರಿದಾಯಿತು, ವೀಲ್ ಹಬ್ ಮೇಲೆ ಪೂರ್ತಿ ಕೂರುವುದೇ ಇಲ್ಲ. ಪೌಡರ್ ಕೋಟಿಂಗ್ ಮಾಡಿಸಿದ ಮೇಲೆ ವೀಲ್ ಕಳಚಿತು ಎನ್ನುವ ಕತೆ ಕೇಳಿದರೆ ನನ್ನ ಮೊದಲ ಅನುಮಾನ ಲೋಹದ ಮೇಲಲ್ಲ, ಈ ಮಾಸ್ಕಿಂಗ್ ಮೇಲೆ.

ಡೈಮಂಡ್ ಕಟ್ ವಾಪಸ್ ಬರುತ್ತದೆ. ಪೌಡರ್ ಆದ ಮೇಲೆ ಸಿಎನ್‌ಸಿ ಲೇತ್‌ನಲ್ಲಿ ಮತ್ತೆ ಕೆತ್ತಿ ಕ್ಲಿಯರ್ ಕೊಡುತ್ತಾರೆ. ಆದರೆ ಪ್ರತಿ ಸಲ ಲೋಹ ಕಡಿಮೆಯಾಗುತ್ತದೆ, ಎಷ್ಟು ಸಲ ಬೇಕಾದರೂ ಮಾಡುವಂಥದ್ದಲ್ಲ. ಸೆಕೆಂಡ್ ಹ್ಯಾಂಡ್ ಕಾರು, ಹಿಂದಿನವರು ಒಮ್ಮೆ ಕೆತ್ತಿಸಿದ್ದಾರಾ ಎನ್ನುವುದು ನಿಮಗೆ ಗೊತ್ತಿಲ್ಲ. ಅದಕ್ಕಿಂತ ದೊಡ್ಡ ಮಾತು, ಈಗ ಕೈಕೊಟ್ಟಿದ್ದು ಯಾವ ವಿನ್ಯಾಸವೋ ಅದನ್ನೇ ಮತ್ತೆ ದುಡ್ಡು ಕೊಟ್ಟು ತರುತ್ತೀರಿ. ಮಡಿಕೇರಿಯಲ್ಲೋ ಮೈಸೂರಿನಲ್ಲೋ ಇದ್ದಿದ್ದರೆ ನಿಮ್ಮಿಷ್ಟ ಅನ್ನುತ್ತಿದ್ದೆ. ಮಲ್ಪೆಯಲ್ಲಿ ಬೇಡ. ಇಡೀ ವೀಲ್‌ಗೆ ಒಂದೇ ಬಣ್ಣ, ಸಿಲ್ವರ್ ಅಥವಾ ಗನ್ ಮೆಟಲ್, ಪ್ರೈಮರ್ ಸಮೇತ ಕೊಡಿಸಿ. ಹಳೆ ಡೈಮಂಡ್ ಕಟ್‌ನ ಚೂಪು ಅಂಚುಗಳನ್ನು ನಯವಾಗಿ ಉಜ್ಜಿ ಮೊಂಡು ಮಾಡಲು ಮರೆಯದೆ ಹೇಳಿ, ಇಲ್ಲದಿದ್ದರೆ ಪೌಡರ್ ಕೂಡ ಅಲ್ಲಿಂದಲೇ ಏಳಲು ಶುರುವಾಗುತ್ತದೆ.

ಸ್ಪ್ರೇ ಪೇಂಟ್ ಅಂದವರ ಮಾತನ್ನೂ ತಳ್ಳಿಹಾಕುವುದಿಲ್ಲ. ಕಾರಿನ ಮೈಗೆ ಹೊಡೆಯುವ ಟು ಕೆ, ಅಂದರೆ ಗಟ್ಟಿ ಮಾಡುವ ದ್ರವ ಬೆರೆಸಿ ಬಳಸುವ ಪಾಲಿಯುರೆಥೇನ್ ಪೇಂಟ್ 60 ಡಿಗ್ರಿಯಲ್ಲೇ ಒಣಗುತ್ತದೆ, ಬಿಸಿಯ ಚಿಂತೆಯೇ ಇಲ್ಲ. ಒಂದು ಕಡೆ ಗೀಚಿದರೆ ಅಷ್ಟನ್ನೇ ಸರಿ ಮಾಡಬಹುದು. ಪೌಡರ್‌ನಲ್ಲಿ ಅದು ಆಗುವುದಿಲ್ಲ, ದೊಡ್ಡದಾಗಿ ಕಿತ್ತುಹೋದರೆ ಪೂರ್ತಿ ತೆಗೆದು ಮತ್ತೆ ಮೊದಲಿಂದ ಮಾಡಬೇಕು, ಮತ್ತೆ ಓವನ್. ಕಲ್ಲೇಟು ತಡೆಯುವುದರಲ್ಲಿ ಮಾತ್ರ ಪೌಡರ್ ಮೇಲು. ಪೇಂಟ್‌ಗೂ ಲೋಹದ ತನಕ ಕೆರೆಯುವುದು, ಪ್ರೈಮರ್, ಎಲ್ಲ ಅದೇ ಬೇಕು. ಟೈರ್ ಕಳಚದೆ ಟೇಪ್ ಅಂಟಿಸಿ ಮೇಲೆ ಹೊಡೆಯುವ ಪೇಂಟ್ ನಿಮ್ಮ ವೀಲ್‌ನ ಸ್ಥಿತಿಗೆ ಒಂದು ಮಳೆಗಾಲ ಕೂಡ ಬಾಳುವುದು ಕಷ್ಟ. ಟು ಕೆ ಪೇಂಟ್‌ನಲ್ಲಿ ಐಸೊಸಯನೇಟ್ ಇರುತ್ತದೆ, ಮನೆ ಶೆಡ್ಡಿನಲ್ಲಿ ಬಟ್ಟೆ ಕಟ್ಟಿಕೊಂಡು ನೀವೇ ಹೊಡೆಯಲು ಹೋಗಬೇಡಿ, ಆಸ್ತಮಾ ಬರಬಹುದು.

ಮೂರನೆಯ ದಾರಿಯೊಂದಿದೆ, ಯಾರೂ ಹೇಳುವುದಿಲ್ಲ: ನಿಮ್ಮದೇ ಮಾಡೆಲ್‌ನ ಕಡಿಮೆ ಬೆಲೆಯ ವೇರಿಯಂಟ್‌ಗೆ ಬರುವ ಸ್ಟೀಲ್ ವೀಲ್ ಮತ್ತು ಕವರ್. ನೋಡಲು ಸಾದಾ. ಆದರೆ ಹೊಂಡಕ್ಕೆ ಬಿದ್ದರೆ ಬಿರುಕು ಬಿಡುವ ಬದಲು ಹೆಚ್ಚಾಗಿ ಬಗ್ಗುತ್ತದೆ. ಟೈರ್ ಹೇಗೂ ಬದಲಾಯಿಸುತ್ತಿದ್ದೀರಿ, ಕಂಪನಿ ಒಪ್ಪಿದ ಅಳತೆಯಲ್ಲಿ ಆ ಲೆಕ್ಕವನ್ನೂ ಒಮ್ಮೆ ಹಾಕಿ ನೋಡಿ. ಅಗ್ಗದ ಹೆಸರಿಲ್ಲದ ಹೊಸ ಅಲಾಯ್ ಮಾತ್ರ ಬೇಡ. ಭಾರ ತಡೆಯುವ ಮಿತಿ ಮುದ್ರೆ ಇಲ್ಲದ ವೀಲ್‌ಗಿಂತ ನಿಮ್ಮ ಹಳೆಯದೇ ಎಷ್ಟೋ ವಾಸಿ. ಆ ಬಗ್ಗಿದ ವೀಲ್ ಟೆಸ್ಟ್‌ನಲ್ಲಿ ಬಿದ್ದರೆ ಅದೇ ವಿನ್ಯಾಸದ ಕಂಪನಿ ವೀಲ್ ಒಂದನ್ನು ಹುಡುಕಿ. ಒಂದೇ ಬಣ್ಣ ಹೊಡೆಸುವುದಾದರೆ ಮುಖ ಗೀಚಿದ್ದು ಸಿಕ್ಕರೂ ಪರವಾಗಿಲ್ಲ, ಬಿರುಕು ಟೆಸ್ಟ್ ಅದಕ್ಕೂ ಮಾಡಿಸಿ.

ಕೆಲಸ ಮುಗಿಸಿ ಕೊಟ್ಟಾಗ ಥಿನ್ನರ್‌ನಲ್ಲಿ ಅದ್ದಿದ ಬಿಳಿ ಬಟ್ಟೆಯಿಂದ ವೀಲ್‌ನ ಒಳಭಾಗದಲ್ಲಿ ಉಜ್ಜಿ ನೋಡಿ. ಹೊಳಪು ಚೂರು ಮಾಸಿದರೆ ತೊಂದರೆಯಿಲ್ಲ, ಬಣ್ಣ ಬಟ್ಟೆಗೆ ಬಂದರೆ ಸರಿಯಾಗಿ ಬೆಂದಿಲ್ಲ ಎಂದರ್ಥ. ದಪ್ಪ ಅಳೆದು ತೋರಿಸಿ ಅನ್ನಿ. ಗ್ರಿಲ್‌ಗೆ ಬಳಸುವ ಮ್ಯಾಗ್ನೆಟ್ ಗೇಜ್ ಅಲ್ಯೂಮಿನಿಯಂ ಮೇಲೆ ಕೆಲಸ ಮಾಡುವುದಿಲ್ಲ, ಎಡ್ಡಿ ಕರೆಂಟ್ ಗೇಜ್ ಬೇಕು. ಅದು ಅವರ ಹತ್ತಿರ ಇದೆಯಾ ಇಲ್ಲವಾ ಅನ್ನುವುದರಲ್ಲೇ ಅವರು ಅಲ್ಯೂಮಿನಿಯಂ ಕೆಲಸ ಎಷ್ಟು ಮಾಡುತ್ತಾರೆ ಎಂದು ಗೊತ್ತಾಗುತ್ತದೆ.

ಟೈರ್ ಹಾಕುವಾಗ ಮೆಷಿನ್‌ನಲ್ಲಿ ಪ್ಲಾಸ್ಟಿಕ್ ಗಾರ್ಡ್ ಇರಲಿ. ಬ್ಯಾಲೆನ್ಸಿಂಗ್‌ಗೆ ಅಂಚಿಗೆ ಬಡಿದು ಸಿಕ್ಕಿಸುವ ತೂಕ ಬೇಡ, ಒಳಗೆ ಅಂಟಿಸುವುದು ಹಾಕಿಸಿ. ಹಬ್‌ನ ನಡುಭಾಗಕ್ಕೆ ತೆಳ್ಳಗೆ ಆ್ಯಂಟಿ ಸೀಜ್ ಪೇಸ್ಟ್ ಸವರಬಹುದು, ಇಲ್ಲದಿದ್ದರೆ ಉಕ್ಕು ಅಲ್ಯೂಮಿನಿಯಂ ಒಂದಕ್ಕೊಂದು ಕಚ್ಚಿಕೊಳ್ಳುತ್ತವೆ. ಸ್ಟಡ್ ಮತ್ತು ನಟ್‌ಗೆ ಸವರಬೇಡಿ, ಅಲ್ಲಿ ಜಾರಿಕೆ ಬಂದರೆ ಅದೇ ಟಾರ್ಕ್‌ಗೆ ಬಿಗಿ ವಿಪರೀತವಾಗುತ್ತದೆ. ಟಾರ್ಕ್ ವ್ರೆಂಚ್‌ನಲ್ಲೇ, ಮ್ಯಾನ್ಯುಯಲ್‌ನಲ್ಲಿ ಬರೆದಷ್ಟೇ ಬಿಗಿ ಮಾಡಿಸಿ. 50ರಿಂದ 100 ಕಿಲೋಮೀಟರ್ ಓಡಿದ ಮೇಲೆ ಮತ್ತೊಮ್ಮೆ ಪರೀಕ್ಷಿಸಿ, ಇದನ್ನು ಬಿಡಲೇಬೇಡಿ. ಆಮೇಲೆ ವಾರಕ್ಕೊಮ್ಮೆ ಬರಿ ನೀರು, ಕಾರ್ ಶಾಂಪೂ. ಕಡಲ ಬದಿಯಲ್ಲಿ ನಿಲ್ಲಿಸಿ ಬಂದ ದಿನ ಪೈಪ್ ಹಿಡಿದು ವೀಲ್‌ನ ಒಳಬದಿಗೂ ನೀರು ಬಿಡಿ. ಕಲ್ಲೇಟಿನ ಚಿಕ್ಕ ಗಾಯ ಕಂಡರೆ ಅವತ್ತೇ ಒಣಗಿಸಿ ಟಚ್ ಅಪ್ ಪೇಂಟ್ ಹನಿಸಿ ಬಿಡಿ, ಅಂದಕ್ಕಲ್ಲ, ನೀರು ಒಳಗೆ ಇಳಿಯಬಾರದು ಎಂದು.

ಇನ್ನು ಸ್ಟೆಪ್ನಿ. ಅದನ್ನು ಈ ನಾಲ್ಕರ ಜೊತೆ ಕಳಿಸಬೇಡಿ, ಲೋಹ ಬೇರೆ, ತೊಟ್ಟಿ ಬೇರೆ. ಅದು ಉಕ್ಕು, ಸೆವೆನ್ ಟ್ಯಾಂಕ್ ಅದಕ್ಕೆಂದೇ ಇರುವುದು. ಆ 1,500 ರೂಪಾಯಿಯ ಗ್ರಿಲ್ ಅಂಗಡಿಯವರ ಹತ್ತಿರವೇ, ನಟ್ ಕೂರುವ ಜಾಗ ಮತ್ತು ಹಬ್ ಮುಖ ಮುಚ್ಚಲು ಹೇಳಿ, ಧೈರ್ಯವಾಗಿ ಕೊಡಿ. ಆದರೆ ನಾಲ್ಕು ಅಲಾಯ್ ವಾಪಸ್ ಬಂದ ಮೇಲೆ ಕೊಡಿ, ಅಲ್ಲಿಯ ತನಕ ಅದು ಕಾರಿನಲ್ಲೇ ಇರಲಿ.